ಸಹಾಯ ಬೇಕು: ಅಂಗೈ ಜುಮ್ಮೆನ್ನುವುದು ರೇಕಿಯಿಂದಲೋ, ನರದಿಂದಲೋ?

ರೇಕಿ (ಮೈ ಮೇಲೆ ಅಥವಾ ಮೈ ಹತ್ತಿರ ಕೈಯಿಟ್ಟು ಮಾಡುವ ಜಪಾನಿ ಚಿಕಿತ್ಸೆ) ಕೊಡುವಾಗ ಅಂಗೈಯಲ್ಲಿ ಬಿಸಿ, ಮಿಡಿತ, ಜುಮ್ಮೆನ್ನುವುದು, ಒಮ್ಮೊಮ್ಮೆ ತಣ್ಣನೆಯ ಗಾಳಿ ತಾಗಿದಂತಾಗುವುದು: ಜಪಾನಿ ಪರಂಪರೆ ಇದನ್ನು ಬ್ಯೋಸೆನ್ ಎನ್ನುತ್ತದೆ. ಭಂಗಿಯಿಂದ ಬರುವ ಜೋಮಿನಿಂದ ಇದನ್ನು ಬೇರ್ಪಡಿಸುವುದು ಹೇಗೆ?

ಮಣಿಕಟ್ಟು ಬಾಗಿಸಿ ಐದು ನಿಮಿಷ ಹಾಗೇ ಇಟ್ಟರೆ ಮೀಡಿಯನ್ ನರ ಒತ್ತಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯಬಹುದು; ಮೊಣಕೈ ತುಂಬಾ ಮಡಚಿದರೆ ಕಿರುಬೆರಳು. ಬಿಸಿಗೂ ಕಾರಣವಿದೆ, ಅಂಗೈ ಮತ್ತು ಮೈ ನಡುವೆ ಶಾಖ ಸಿಕ್ಕಿಕೊಳ್ಳುತ್ತದೆ. 1998ರಲ್ಲಿ ಪ್ರಕಟವಾದ ಥೆರಪ್ಯೂಟಿಕ್ ಟಚ್ (ರೇಕಿಯಂತೆಯೇ ಮೈ ಹತ್ತಿರ ಕೈಯಾಡಿಸಿ ಮಾಡುವ ಚಿಕಿತ್ಸೆ) ಪರೀಕ್ಷೆಯಲ್ಲಿ, ತಮ್ಮ ಯಾವ ಕೈ ಬಳಿ ಇನ್ನೊಬ್ಬರ ಕೈ ಇದೆಯೆಂದು 21 ಚಿಕಿತ್ಸಕರು ನೋಡದೆ ಸರಿಯಾಗಿ ಹೇಳಿದ್ದು ಶೇ 44 ಬಾರಿ ಮಾತ್ರ, ಸುಮ್ಮನೆ ಊಹಿಸಿದರೆ ಸಿಗುವ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಎಚ್ಚರ ಬೇಕೇ ಬೇಕು.

ಮಣಿಕಟ್ಟು ನೇರ ಮಾಡಿ, ಒಂದು ನಿಮಿಷ ಕೈ ಕೊಡವಿದ ಮೇಲೂ ಅದೇ ಜಾಗದಲ್ಲಿ ಅನುಭವ ಮರಳುತ್ತದೆಯೇ? ಯಾವ ಬೆರಳು, ಎಷ್ಟು ಹೊತ್ತು, ಮುಟ್ಟಿಯೋ ದೂರದಿಂದಲೋ, ದಯವಿಟ್ಟು ತಿಳಿಸಿ. ರಾತ್ರಿಯೂ ಜೋಮು ಬರುವವರು ಮೊದಲು ವೈದ್ಯರಿಗೆ ತೋರಿಸಿ.