ಇಥಾಕಾ ಕ್ಯಾಸ್ಮಾ: ಕಣಿವೆಯೋ, ಸೀಳೋ, ಕಮರಿಯೋ?

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಶನಿಯ ಚಂದ್ರರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 'ಕ್ಯಾಸ್ಮಾ' ಎಂಬುದಕ್ಕೆ ಕನ್ನಡದ ಯಾವ ಪದವೂ ಸರಿಯಾಗಿ ಕೂರುತ್ತಿಲ್ಲ.

ಟೆಥಿಸ್ ಎಂಬ ಚಂದ್ರನ ಮೇಲೆ ಇಥಾಕಾ ಕ್ಯಾಸ್ಮಾ ಎಂಬ ಉದ್ದನೆಯ ಆಳವಾದ ತಗ್ಗು ಇದೆ. ಸುಮಾರು 2,000 ಕಿ.ಮೀ. ಉದ್ದ, 100 ಕಿ.ಮೀ. ಅಗಲ, 3ರಿಂದ 5 ಕಿ.ಮೀ. ಆಳ. ಟೆಥಿಸ್‌ನ ಅಡ್ಡಳತೆಯೇ 1,060 ಕಿ.ಮೀ. ಚಿಲ್ಲರೆ. ಅಂದರೆ ಅರ್ಧ ಸುತ್ತಿಗಿಂತ ಜಾಸ್ತಿ ಬಳಸಿಕೊಂಡಿದೆ!

ಮೊದಲು 'ಕಣಿವೆ' ಎಂದು ಬರೆದೆ. ಕಣಿವೆ ಅಂದ ಕೂಡಲೇ ಎರಡು ಬೆಟ್ಟ, ನಡುವೆ ಹೊಳೆ ಕಣ್ಣಿಗೆ ಬರುತ್ತದೆ. ಇದನ್ನು ಹೊಳೆ ಕೊರೆದಿಲ್ಲ. ಒಳಗಿದ್ದ ನೀರು ಹೆಪ್ಪುಗಟ್ಟುವಾಗ ಹಿಗ್ಗಿ, ಮೇಲಿನ ಮಂಜುಗಡ್ಡೆಯ ಚಿಪ್ಪು ಬಿರಿಯಿತು ಅನ್ನುವುದು ಒಂದು ವಾದ. 'ಕೊಳ್ಳ' ಚೆನ್ನಾಗಿದೆ, ಆದರೆ ಪೇಪರಿನಲ್ಲಿ ಕೃಷ್ಣಾ ಕೊಳ್ಳ ಅಂತ ಓದಿದವರಿಗೆ ಬೇರೆ ಅರ್ಥವೇ ಹೊಳೆಯುತ್ತದೆ. ಸುಮ್ನೆ ಕ್ಯಾಸ್ಮಾ ಅಂತಲೇ ಬಿಡೋಣ ಅಂದರೆ ಹುಬ್ಬಳ್ಳಿ ಕಡೆಯ ಮಕ್ಕಳು ಚಷ್ಮಾ ಅಂತ ಓದಿ ನಕ್ಕಾರು.

'ಸೀಳು'? ಶನಿಯ ಇನ್ನೊಂದು ಚಂದ್ರ ಎನ್ಸೆಲಾಡಸ್‌ನ ದಕ್ಷಿಣ ಧ್ರುವದಲ್ಲಿರುವ 'ಹುಲಿಪಟ್ಟೆ' ಎಂಬ ಬಿರುಕುಗಳಿಗೆ ಅದು ಹೊಂದುತ್ತದೆ. ಅವುಗಳಿಂದ ನೀರಾವಿ, ಹಿಮದ ಕಣ ಚಿಮ್ಮುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಆದರೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಕ್ಯಾಸ್ಮಾ ಎಂದು ಕರೆಯುವುದು ಆಕಾರ ನೋಡಿ. ಉದ್ದ, ಆಳ, ಕಡಿದಾದ ಗೋಡೆ ಇದ್ದರಾಯಿತು, ಹೇಗೆ ಹುಟ್ಟಿತು ಅನ್ನುವುದು ಲೆಕ್ಕಕ್ಕಿಲ್ಲ. ಸೀಳು ಅಂದುಬಿಟ್ಟರೆ ಕಾರಣವನ್ನೂ ನಾವೇ ತೀರ್ಮಾನಿಸಿದ ಹಾಗಾಯ್ತು, ಅಲ್ವಾ?

ಹಾಗಾಗಿ ನನ್ನ ಒಲವು 'ಕಮರಿ' ಕಡೆಗೆ. ಘಾಟಿಯಲ್ಲಿ ಬಸ್ಸು ಕಮರಿಗೆ ಉರುಳಿತು ಅಂದಾಗ ಕೆಳಗೆ ಹೊಳೆ ಇದೆಯಾ ಅಂತ ಯಾರೂ ಕೇಳುವುದಿಲ್ಲ.

ತೊಡಕಿರುವುದು ಶನಿಯ ಮತ್ತೊಂದು ಚಂದ್ರ ಟೈಟನ್‌ನಲ್ಲಿ. ಅಲ್ಲಿನ ವಿಡ್ ಫ್ಲುಮಿನಾ ಎಂಬ ನದಿಜಾಲದಲ್ಲಿ ನೀರಿನ ಬದಲು ದ್ರವ ಮೀಥೇನ್. ಕ್ಯಾಸಿನಿಯ ರೇಡಾರ್ 2013ರಲ್ಲಿ ಅಳೆದಾಗ ಕೆಲವು ಕಡೆ 570 ಮೀಟರ್‌ವರೆಗೆ ಆಳ ಸಿಕ್ಕಿತು, ಅಗಲ ಒಂದು ಕಿ.ಮೀ.ಗೂ ಕಡಿಮೆ. ಇದು ಹರಿವು ಕೊರೆದದ್ದೇ. 'ಕೊರಕಲು' ಅನ್ನೋಣವೇ? ನಮ್ಮ ಕಡೆ ಕೊರಕಲು ಅಂದರೆ ಮಳೆನೀರು ಹೊಲದಲ್ಲಿ ಮಾಡುವ ಸಣ್ಣ ಹಳ್ಳ, ಆಳೆತ್ತರವೂ ಇರುವುದಿಲ್ಲ. ನಿಮ್ಮ ಕಡೆ ದೊಡ್ಡದಕ್ಕೂ ಬಳಸುತ್ತೀರಾ? ಪೆನ್ನಾ ನದಿಯ ಗಂಡಿಕೋಟದ ಹೆಸರಿನಲ್ಲಿರುವ 'ಗಂಡಿ' ಬಳ್ಳಾರಿ, ಕೋಲಾರದ ಕಡೆ ನದಿ ಕೊರೆದ ಕಮರಿ ಎಂಬ ಅರ್ಥದಲ್ಲಿ ಇನ್ನೂ ಬಳಕೆಯಲ್ಲಿದೆಯೇ? ಆಡುಮಾತಿನಲ್ಲಿ ಕೇಳಿದ್ದರೆ ಊರಿನ ಹೆಸರು ಸಮೇತ ಬರೆಯಿರಿ.