ಮಗುವಿನ ಹೃದಯದಲ್ಲಿ ತೂತು ಅಂದಿದಾರೆ, ಇದು ಯಾವಾಗ ಆಗಿರತ್ತೆ? ಗ್ರಹಣದಿಂದ ಆಗತ್ತಾ?

ಡೊಂಬಿವಲಿ_ಮಲೆನಾಡು:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯೋಳು, ಮದುವೆ ಆಗಿ ಡೊಂಬಿವಲಿಗೆ ಬಂದು ನಾಲ್ಕು ವರ್ಷ ಆಯ್ತು. ಮೊದಲನೇ ಮಗು, ಈಗ 21ನೇ ವಾರ. ಹೋದ ವಾರ ಮಗುವಿನ ಅಂಗಾಂಗ ಎಲ್ಲ ಸರಿ ಇದೆಯಾ ಅಂತ ನೋಡೋ ಅನಾಮಲಿ ಸ್ಕ್ಯಾನ್ ಮಾಡೋವಾಗ ಡಾಕ್ಟ್ರು ಹಾರ್ಟ್ ಹತ್ರಾನೇ ತುಂಬಾ ಹೊತ್ತು ನೋಡ್ತಾ ಇದ್ರು, ಒಂದ್ ಮಾತೂ ಆಡ್ಲಿಲ್ಲ, ಆಗ್ಲೇ ನಂಗೆ ಎದೆ ಧಸಕ್ ಅಂತು. ಆಮೇಲೆ ಪರೇಲ್‌ಗೆ ಕಳಿಸಿ ಫೀಟಲ್ ಎಕೋ, ಅಂದ್ರೆ ಹೊಟ್ಟೆಯೊಳಗಿನ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸಿದ್ರು. ರಿಪೋರ್ಟಲ್ಲಿ ಪೆರಿಮೆಂಬ್ರೇನಸ್ ವಿಎಸ್‌ಡಿ, ಅಂದ್ರೆ ಹೃದಯದ ಗೋಡೇಲಿ ತೂತು, 2 ಮಿ.ಮೀ., ಉಳಿದಿದ್ದೆಲ್ಲ ನಾರ್ಮಲ್ ಅಂತ ಇದೆ. ಚಿಕ್ಕದು, 28ನೇ ವಾರಕ್ಕೆ ಇನ್ನೊಂದ್ಸಲ ನೋಡೋಣ ಅಂದ್ರು, ಹೊರಗೆ ಅಷ್ಟು ಜನ ಕಾಯ್ತಾ ಇದ್ರು, ಕೇಳ್ಬೇಕು ಅಂದ್ಕೊಂಡಿದ್ದು ಒಂದೂ ಕೇಳೋಕೆ ಆಗ್ಲಿಲ್ಲ.

ಮನೆಗೆ ಬಂದು ಹೇಳಿದ ತಕ್ಷಣ ಅತ್ತೆ ಕೂತಲ್ಲೇ ಅತ್ತುಬಿಟ್ರು. ಸೆಪ್ಟೆಂಬರ್ 7ರ ಚಂದ್ರಗ್ರಹಣ, ಅನಂತ ಚತುರ್ದಶಿ ಮಾರನೇ ದಿನ, ಅವತ್ತು ನಾನು ಮುಲುಂಡ್‌ನಲ್ಲಿ ಚಿಕ್ಕಮ್ಮನ ಮನೇಲಿದ್ದೆ, ರಾತ್ರಿ ಹತ್ತು ಗಂಟೆ ಮೇಲೆ ಲೋಕಲ್ ಹಿಡಿದು ವಾಪಸ್ ಬಂದೆ. ಹೊರಗೆ ಬರಬೇಡ ಅಂತ ಅತ್ತೆ ಫೋನಲ್ಲಿ ಎರಡು ಸಲ ಹೇಳಿದ್ರು. ಅವರು ಕೆಟ್ಟವರಲ್ಲ, ನನ್ನ ಮಗಳ ಥರಾನೇ ನೋಡ್ಕೋತಾರೆ, ಬೈಲಿಲ್ಲ ಕೂಡ, ಆದ್ರೆ ಅವರು ಸುಮ್ಮನಿರೋದೇ ನಂಗೆ ತಡ್ಕೊಳ್ಳೋಕಾಗ್ತಿಲ್ಲ. ನಂಬಲ್ಲ ಅಂತ ಹೇಳ್ಕೋತೀನಿ, ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಅದೇ ಟ್ರೈನು ಕಣ್ಮುಂದೆ ಬರತ್ತೆ.

ಇನ್ನೂ ಇದೆ. ನಂಗೆ ಗೊತ್ತಾಗಿದ್ದೇ ಆರು ವಾರ ತುಂಬಿದ ಮೇಲೆ. ಅಷ್ಟರಲ್ಲಿ ಜ್ವರ ಬಂದು ಎರಡು ದಿನ ಪ್ಯಾರಾಸಿಟಮಾಲ್ ತಗೊಂಡಿದ್ದೆ, ಫೋಲಿಕ್ ಆಸಿಡ್ ಶುರು ಮಾಡಿದ್ದೂ ಆಮೇಲೇನೆ. ಹೃದಯ ಅನ್ನೋದು ಯಾವಾಗ ಆಗತ್ತೆ, ಈ ತೂತು ಯಾವಾಗ ಬಿದ್ದಿರತ್ತೆ, ನಾನು ಮಾಡಿದ್ರಿಂದ ಆಯ್ತಾ, ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಲೆಕ್ಕಕ್ಕೆ ಬೇಕಾದ್ರೆ, ಕೊನೇ ಪೀರಿಯಡ್ಸ್ ಜೂನ್ 1.

ಪುಣೆ_ಧಾರವಾಡ:

ಅಕ್ಕಾರ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ರಿ. ನಂಬೂದು ಬಿಡೂದು ಆಮ್ಯಾಲಿನ ಮಾತು, ನಾ ತಾರೀಖು ಹಿಡದ ತೋರಿಸ್ತೀನಿ. ನಾನು ಪುಣೆದಾಗ ಪಿಎಚ್‌ಡಿ ಮಾಡಾಕತ್ತೀನಿ, ಜೀಬ್ರಾ ಮೀನಿನ ಹೃದಯ ಹೆಂಗ ಬೆಳೀತೈತಿ ಅನ್ನೂದ ನನ್ ಕೆಲಸ. ಡಾಕ್ಟರ್ ಅಲ್ಲ, ಹಂಗಾಗಿ ಚಿಕಿತ್ಸೆದ ಮಾತು ಆಡೂದಿಲ್ಲ.

ನಿಮ್ಮ ಡಾಕ್ಟರ್ ಹೇಳೂ ವಾರ ಬ್ಯಾರೆ, ನಮ್ಮ ಪುಸ್ತಕದಾಗಿನ ವಾರ ಬ್ಯಾರೆ. ಅವ್ರು ಕೊನೇ ಮುಟ್ಟಿನ ದಿನದಿಂದ ಎಣಸ್ತಾರ, ಭ್ರೂಣಶಾಸ್ತ್ರದವರು ಗರ್ಭ ಕಟ್ಟಿದ ದಿನದಿಂದ ಎಣಸ್ತಾರ, ಎರಡಕ್ಕೂ ಸುಮಾರು ಎರಡು ವಾರದ ಅಂತರ. ನಿಮ್ಮದು ಜೂನ್ 1 ಅಂದ್ರ ಗರ್ಭ ಕಟ್ಟಿದ್ದು ಹತ್ತಿರ ಹತ್ತಿರ ಜೂನ್ 15. ಅಲ್ಲಿಂದ ಮೂರು ವಾರಕ್ಕ ಎಡಬಲದ ಎರಡು ಸಣ್ಣ ಜೀವಕೋಶದ ಪಟ್ಟಿ ನಡುವ ಬಂದು ಕೂಡಿ ಒಂದು ಕೊಳವಿ ಆಗ್ತಾವ, 22ನೇ 23ನೇ ದಿನಕ್ಕ ಆ ಕೊಳವಿ ಬಡ್ಯಾಕ ಸುರು ಮಾಡ್ತೈತಿ. ಇಡೀ ಮೈಯಾಗ ಎಲ್ಲಾಕಿಂತ ಮೊದ್ಲ ಕೆಲಸಕ್ಕ ನಿಲ್ಲೂ ಅಂಗ ಅದ. ಅಂದ್ರ ಜುಲೈ 7ರ ಸುಮಾರು. ಇಲ್ಲಿ ಪುಣೆದಾಗ ನಮಗ ಲಗೂನ ನೆನಪಾಗ್ತೈತಿ, 2025ರ ಆಷಾಢಿ ಏಕಾದಶಿ ಜುಲೈ 6ಕ್ಕಿತ್ತು, ವಾರಕರಿ ಮಂದಿ ಪಂಢರಪುರ ಮುಟ್ಟಿದ ಹೊತ್ತಿಗೆ ನಿಮ್ಮ ಕೂಸಿನ ಎದಿ ಬಡ್ಯಾಕ ಹತ್ತಿತ್ತು. ನಿಮಗ ಗೊತ್ತಾಗಿದ್ದು ಆರು ವಾರ ತುಂಬಿದ ಮ್ಯಾಲ ಅಂದ್ರಿ, ಅಂದ್ರ ಜುಲೈ 13ರ ನಂತರ. ನಿಮಗ ಗೊತ್ತಾಗೂಕಿಂತ ಮೊದ್ಲ ಆ ಕೂಸು ಒಂದು ವಾರ ಎದಿ ಬಡದೈತ್ರಿ.

ಆಮ್ಯಾಲ ಆ ಕೊಳವಿ ಬಲಕ್ಕ ಬಾಗಿ ಸುತ್ತಿಕೊಳ್ತೈತಿ. ಸುತ್ತಿಕೊಂಡ ಮ್ಯಾಲ ಒಳಗ ಗ್ವಾಡಿ ಏಳ್ತಾವ. ನಿಮ್ಮ ರಿಪೋರ್ಟಿನ ತೂತು ಕೆಳಗಿನ ಎರಡು ಕೋಣಿ ನಡುವಿನ ಗ್ವಾಡ್ಯಾಗ ಐತಿ. ಈ ಗ್ವಾಡಿ ಒಂದ ಕಡಿಯಿಂದ ಏಳೂದಿಲ್ಲ, ಇದ ಭಾಳ ಮುಖ್ಯ. ಕೆಳಗಿಂದ ಸ್ನಾಯುವಿನ ಭಾಗ ಮ್ಯಾಲ ಬರ್ತೈತಿ, ನಡುವ ಕುಶನ್ ಅಂತ ಮೆತ್ತನ ಗಡ್ಡಿ ಎರಡು ಬೆಳದು ಕೂಡ್ತಾವ, ಮ್ಯಾಲಿಂದ ರಕ್ತ ಹೊರಗ ಹೋಗೂ ದಾರಿಯನ್ನ ಎರಡು ಮಾಡೂ ಏಣು ಇಳಕೊಂಡು ಬರ್ತೈತಿ. ಈ ಮೂರೂ ಬಂದು ಸೇರೂ ಜಾಗ ಕಡೀಕ ಮುಚ್ಚತೈತಿ, ಆ ಜಾಗದಾಗ ಸ್ನಾಯು ಇಲ್ಲ, ತೆಳ್ಳನ ಪೊರಿ ಅಷ್ಟ. ಪೆರಿಮೆಂಬ್ರೇನಸ್ ಅಂದ್ರ ಆ ಪೊರಿ ಸುತ್ತಮುತ್ತಿನ ಜಾಗ. ಇಷ್ಟೆಲ್ಲ ಕಟ್ಟೂ ಹೊತ್ತಿನಾಗ ಒಂದ ಕ್ಷಣಾನೂ ಬಡಿತ ನಿಲ್ಲಂಗಿಲ್ಲ, ರಕ್ತ ಹರಕೋತನ ಇರತೈತಿ. ಮನುಷ್ಯಾರ ಸಾವಿರ ಕೂಸಿನಾಗ 8-9ಕ್ಕ ಹುಟ್ಟಾ ಹೃದಯದಾಗ ಏನರೆ ದೋಷ ಇರತೈತಿ, ಅದರಾಗ ಭಾಳ ಮಂದಿಗೆ ಇರೂದು ಈ ಗ್ವಾಡಿ ತೂತ. ನನಗ ಇದನ್ನ ಓದಿದಷ್ಟೂ ಅನಸೂದು, ಉಳಿದ 990 ಕೂಸಿನಾಗ ಆ ಮೂರು ತುದಿ ಅಷ್ಟು ಬರೋಬ್ಬರಿ ಹೆಂಗ ಕೂಡ್ತಾವ ಅಂತ.

ಈ ಗ್ವಾಡಿ ಕೆಲಸ ಮುಗಿಯೂದು ಗರ್ಭ ಕಟ್ಟಿದ ಏಳನೇ ಎಂಟನೇ ವಾರಕ್ಕ. ನಿಮ್ಮ ಲೆಕ್ಕದಾಗ ಭಾಳ ತಡ ಅಂದ್ರ ಆಗಸ್ಟ್ 10. ಗ್ರಹಣ ಸೆಪ್ಟೆಂಬರ್ 7. ನಡುವ ನಾಕು ವಾರ. ನೀವು ಆ ಲೋಕಲ್ ಹತ್ತೂ ಹೊತ್ತಿಗೆ ಆ ಜಾಗ ಮುಚ್ಚೂದಿದ್ರ ಮುಚ್ಚಿತ್ತು, ಉಳಿಯೂದಿದ್ರ ಉಳದಿತ್ತು.

ಯಾಕ ಉಳೀತು ಅಂದ್ರ, ಭಾಳಷ್ಟು ಮಕ್ಕಳಿಗೆ ಇದ ಕಾರಣ ಅಂತ ಬಟ್ಟು ಮಾಡಿ ತೋರಿಸಾಕ ಬರೂದಿಲ್ಲ. ಗೊತ್ತಿರೂವು ಕೆಲವು ಅದಾವ. 1941ರಾಗ ಆಸ್ಟ್ರೇಲಿಯಾದ ನಾರ್ಮನ್ ಗ್ರೆಗ್ ಅನ್ನೂ ಕಣ್ಣಿನ ಡಾಕ್ಟರ್, ಬಸರಿದ್ದಾಗ ರುಬೆಲ್ಲಾ ಬಂದ ತಾಯಂದಿರ ಕೂಸುಗಳಿಗೆ ಕಣ್ಣಾಗ ಪೊರಿ, ಸಂಗಾಟ ಹೃದಯದ ದೋಷ ಬರ್ತಾವ ಅಂತ ಗುರುತ ಹಿಡದ್ರು. ಬಸರಾಗೂಕಿಂತ ಮೊದ್ಲಿಂದ ಹಿಡತದಾಗ ಇಲ್ಲದ ಸಕ್ಕರಿ ಬ್ಯಾನಿ, ಮೊಡವಿಗೆ ಕೊಡೂ ಐಸೊಟ್ರೆಟಿನಾಯಿನ್, ಮೂರ್ಛೆರೋಗದ ಕೆಲವು ಗುಳಿಗಿ, ಇವೂ ಅದಾವ. ಪ್ಯಾರಾಸಿಟಮಾಲ್ ಆ ಯಾದಿಯಾಗ ಇಲ್ಲ. ಫೋಲಿಕ್ ಮುಖ್ಯ ಬೇಕಾಗೂದು ಮಿದುಳು, ಬೆನ್ನುಹುರಿ ಮುಚ್ಚಾಕ. ಜೀನಿನ ಕಾರಣಾನೂ ಅದಾವ: ಟಿಬಿಎಕ್ಸ್5 ಅನ್ನೂ ಜೀನ್ ಕೆಟ್ರ ಹೆಬ್ಬೆರಳು, ಮುಂಗೈ ಮತ್ತ ಹೃದಯದ ಗ್ವಾಡಿ ಎರಡೂ ಕೆಡ್ತಾವ, 1997ರಾಗ ಸಿಕ್ತು. ಮಾರ್ಗರೆಟ್ ಕರ್ಬಿ ಅನ್ನೂ ವಿಜ್ಞಾನಿ 1983ರಾಗ ಕೋಳಿ ಭ್ರೂಣದಾಗ ಮಿದುಳು, ಬೆನ್ನುಹುರಿ ಆಗೂ ಕೊಳವಿ ನೆತ್ತಿ ಮ್ಯಾಲಿನ ಜೀವಕೋಶ ತಗದ್ರು, ನೋಡಿದ್ರ ಹೃದಯದಿಂದ ಹೊಂಟ ದೊಡ್ಡ ರಕ್ತನಾಳದ ನಡುವಿನ ಗ್ವಾಡಿನ ಏಳಲಿಲ್ಲ. ಬೆನ್ನಿನ ಕಡಿ ಹುಟ್ಟಿದ ಜೀವಕೋಶ ನಡಕೋತ ಎದಿಗೆ ಬಂದು ಗ್ವಾಡಿ ಕಟ್ಟತಾವ ಅಂತ ಅವತ್ತು ತಿಳೀತು. ನಮ್ಮ ಮೀನಿಗೆ ಎರಡ ಕೋಣಿ, ನಡುವ ಗ್ವಾಡಿನ ಇಲ್ಲ, ಅದಕ್ಕ ಗ್ವಾಡಿ ವಿಷಯಕ್ಕ ಕೋಳಿ, ಇಲಿನ ಬೇಕು. ಮೀನಿನ ತತ್ತಿ ಗಾಜಿನಂಗ ಇರತೈತಿ, ಒಂದ ದಿನಕ್ಕ ಎದಿ ಬಡಿಯೂದನ್ನ ಹೊರಗಿಂದ ನೋಡಬಹುದು. ನಾ ಮೊದಲನೇ ಸಲ ನೋಡಿದಾಗ ಮೈಕ್ರೋಸ್ಕೋಪಿನಿಂದ ಕಣ್ಣ ತಗೀಲಿಲ್ಲ.

ವಾಶಿ_ಶ್ರೀನಿವಾಸ:

ವಿಜ್ಞಾನ ಸರಿ, ಒಪ್ಪಿದೆ. ಆದ್ರೂ ಹಿರಿಯರು ಹೇಳಿದ್ದನ್ನ ಪಾಲಿಸಿದ್ರೆ ಕಳ್ಕೊಳ್ಳೋದೇನು? ನಮ್ಮ ಮನೇಲಿ ಮೂರು ಹೆರಿಗೇಲೂ ಪಾಲಿಸಿದ್ವಿ, ಮನಸ್ಸಿಗೆ ಒಂದು ಧೈರ್ಯ.

ಅಂಧೇರಿ_ಕುಂದಾಪ್ರ:

ಶ್ರೀನಿವಾಸರೇ, ಬಸುರಿ ಹೆಂಗಸನ್ನ ಮೂರುವರೆ ಗಂಟೆ ನೀರಿಲ್ಲದೆ ಕೂರಿಸಿದ್ರೆ ಕಳ್ಕೊಳ್ಳೋದು ಉಂಟು ಮಾರಾಯ್ರೆ. ಅದಕ್ಕಿಂತ ದೊಡ್ಡದು, ಪಾಲಿಸದೆ ಇದ್ದವಳಿಗೆ ಮತ್ತೆ ಜೀವಮಾನ ಇಡೀ ಬರುವ ಸಂಶಯ. ನನ್ನ ಹೆಂಡ್ತಿಗೆ ಪಪ್ಪಾಯ ತಿಂದದ್ದಕ್ಕೆ ಹೀಗಾಯ್ತು ಅಂತ ನಮ್ಮ ಕಡೆಯವರೇ ಹೇಳಿದ್ರು, ನಾನು ಆವತ್ತು ಬಾಯಿ ಬಿಡಲಿಲ್ಲ, ಆ ಬೇಜಾರು ಈಗಲೂ ಉಂಟು.

ತಂಗಿ, ನಮ್ಮ ಮಗನಿಗೆ ಈಗ ಒಂಬತ್ತು ವರ್ಷ. ಅವನದ್ದು ನಿಮ್ಮದಕ್ಕಿಂತ ದೊಡ್ಡದು, ಟೆಟ್ರಾಲಜಿ ಆಫ್ ಫ್ಯಾಲೊ. ಫ್ರಾನ್ಸಿನ ಫ್ಯಾಲೊ 1888ರಲ್ಲಿ ವಿವರಿಸಿದ ಕಾಯಿಲೆ, ನಾಲ್ಕು ದೋಷ ಅಂತ ಹೆಸರು, ಆದ್ರೆ ನಮ್ಮ ಸರ್ಜನ್ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ರು, ಮೂಲದಲ್ಲಿ ಒಂದೇ, ಪುಣೆಯವರು ಹೇಳಿದ ಆ ಮೇಲಿನ ಏಣು ಸ್ವಲ್ಪ ಮುಂದಕ್ಕೆ ಸರಿದು ಕೂತದ್ದು. ಅದರಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಸಪೂರ ಆಯ್ತು, ಗೋಡೆ ಮುಚ್ಚಲಿಲ್ಲ, ಮಹಾಧಮನಿ ತೂತಿನ ಮೇಲೆ ಬಂತು, ಬಲಗಡೆ ಸ್ನಾಯು ದಪ್ಪ ಆಯ್ತು. ಹನ್ನೊಂದು ತಿಂಗಳಲ್ಲಿ ಆಪರೇಷನ್ ಆಯ್ತು, ಈಗ ಬಿಲ್ಡಿಂಗ್ ಕೆಳಗೆ ಕ್ರಿಕೆಟ್ ಆಡ್ತಾನೆ.

ನಿಮಗೆ ಒಂದು ವಿಷಯ ಹೇಳ್ತೇನೆ, ನಮ್ಮ ವಾರ್ಡಲ್ಲಿ ವಿಎಸ್‌ಡಿ ಮಕ್ಕಳ ಅಪ್ಪಂದಿರು ಹೇಳಿದ್ದು. ಹುಟ್ಟಿದ ದಿನ ಎಲ್ಲ ಸರಿ ಉಂಟು ಅಂತ ಕಾಣ್ತದೆ, ಮರ್ಮರ್ ಶಬ್ದ ಕೂಡ ಕೇಳದೆ ಇರಬಹುದು. ಯಾಕೆ ಅಂದ್ರೆ ಆಗ ಶ್ವಾಸಕೋಶದ ಕಡೆ ಒತ್ತಡ ಇನ್ನೂ ಜಾಸ್ತಿ, ತೂತಿನಿಂದ ರಕ್ತ ಅಷ್ಟು ದಾಟುವುದಿಲ್ಲ. ಆ ಒತ್ತಡ ಇಳಿಯುವುದು ಮುಂದಿನ ಕೆಲವು ವಾರದಲ್ಲಿ, ತೂತು ದೊಡ್ಡದಿದ್ರೆ ಕಷ್ಟ ಕಾಣುವುದು ಆವಾಗ. ಹಾಲು ಕುಡಿಯುವಾಗ ಮಧ್ಯ ಮಧ್ಯ ನಿಲ್ಲಿಸುವುದು, ಹಣೆ ಬೆವರುವುದು, ಉಸಿರು ಜೋರು, ತೂಕ ಏರದೆ ಇರುವುದು. 2 ಮಿ.ಮೀ.ಗೆ ಇದೆಲ್ಲ ಬರ್ಲಿಕ್ಕೆ ಕಷ್ಟ, ಆದ್ರೂ ಒಂದೂವರೆ ತಿಂಗಳಿಗೆ ಎಕೋ ತಪ್ಪಿಸಬೇಡಿ. ಖರ್ಚಿನ ಚಿಂತೆ ಇದ್ರೆ ಮಹಾರಾಷ್ಟ್ರ ಸರ್ಕಾರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಉಂಟು, ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದ್ರೆ ಆರ್‌ಬಿಎಸ್‌ಕೆ ಉಂಟು, ರೇಷನ್ ಕಾರ್ಡ್ ಈಗಲೇ ಸರಿ ಮಾಡಿಸಿಡಿ. ನಾವು ಕಡೇ ಗಳಿಗೆಗೆ ಓಡಾಡಿ ಸುಸ್ತಾದದ್ದು.

ಮಡಗಾಂವ್_ಎಕೋ:

ನಾನು ಕಾರವಾರದೋಳು, ಗೋವಾದಲ್ಲಿ ಮಕ್ಕಳ ಎಕೋ ಮಾಡೋ ಟೆಕ್ನಿಶಿಯನ್. ಎರಡು ಮಾತು ಸೇರಿಸ್ತೆ.

ಹೊಟ್ಟೆ ಒಳಗಿನ ಮಗುವಿನ ಹೃದಯದ ಬಲಗಡೆ ಎಡಗಡೆ ಒತ್ತಡ ಹೆಚ್ಚುಕಡಿಮೆ ಒಂದೇ, ಹಾಗಾಗಿ ಸಣ್ಣ ತೂತಲ್ಲಿ ರಕ್ತ ಜೋರಾಗಿ ದಾಟೂದಿಲ್ಲ, ರಕ್ತದ ಹರಿವು ತೋರಿಸೋ ಕಲರ್ ಡಾಪ್ಲರಲ್ಲಿ ಹಿಡಿಯೂದು ಸುಲಭ ಅಲ್ಲ. ಪೊರೆ ಭಾಗ ಎಷ್ಟು ತೆಳು ಅಂದ್ರೆ ಪ್ರೋಬಿನ ಕೋನ ಸರಿ ಕೂಡದೇ ಹೋದ್ರೆ ಇದ್ದ ಗೋಡೆಯೂ ಇಲ್ಲದ ಹಾಗೆ ಕಾಣ್ತದೆ. ಸಣ್ಣ ವಿಎಸ್‌ಡಿ ತಪ್ಪಿ ಹೋಗೂದೂ ಉಂಟು, ಇಲ್ಲದ್ದು ಇದೆ ಅಂತ ಬರೂದೂ ಉಂಟು. ಅದಕ್ಕೇ 28ನೇ ವಾರಕ್ಕೆ ಮತ್ತೆ ಕರೆದದ್ದು. ಇದ್ದದ್ದೇ ನಿಜ ಅಂದ್ರೂ, ಸ್ನಾಯು ಭಾಗದ ತೂತಿನಷ್ಟು ಅಲ್ಲದಿದ್ರೂ ಪೊರೆ ಪಕ್ಕದ್ದೂ ತಾನಾಗಿ ಮುಚ್ಚುವುದುಂಟು, ಪಕ್ಕದ ಟ್ರೈಕಸ್ಪಿಡ್ ವಾಲ್ವಿನ ಎಲೆ ಬಂದು ಅಂಟಿಕೊಂಡು ಮುಚ್ಚುವುದನ್ನ ನಾನೇ ಎಷ್ಟೋ ಸಲ ಸ್ಕ್ರೀನ್ ಮೇಲೆ ನೋಡಿದ್ದೆ.

ಮತ್ತೆ, ತೂತು ಅನ್ನೋ ಶಬ್ದಕ್ಕೇ ಹೆದರಬೇಡಿ. ಹೊಟ್ಟೆಯಲ್ಲಿರೋ ಪ್ರತಿ ಮಗುವಿಗೂ ಮೇಲಿನ ಎರಡು ಕೋಣೆ ನಡುವೆ ಒಂದು ಕಿಂಡಿ, ಹೊರಗೆ ಎರಡು ದೊಡ್ಡ ರಕ್ತನಾಳ ಸೇರಿಸೋ ಒಂದು ಕಾಲುವೆ ಇದ್ದೇ ಇರ್ತದೆ. ಶ್ವಾಸಕೋಶ ಇನ್ನೂ ಕೆಲಸಕ್ಕೆ ಇಳಿದಿಲ್ಲ, ರಕ್ತ ಅದನ್ನ ಬಳಸಿಕೊಂಡು ಹೋಗಬೇಕಲ್ಲ. ಹುಟ್ಟಿ ಅತ್ತ ಮೇಲೆ ಕಾಲುವೆ ಎರಡು ಮೂರು ದಿನದಲ್ಲಿ ಬಿಗಿಯಾಗ್ತದೆ. ಮೇಲಿನ ಕಿಂಡಿ ದೊಡ್ಡವರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಪೂರ್ತಿ ಅಂಟಿರೂದಿಲ್ಲ, ಹೆಚ್ಚಿನವರಿಗೆ ಅದು ಗೊತ್ತೇ ಇರೂದಿಲ್ಲ.

ಮುಂದಿನ ಸಲ ಹೋಗುವಾಗ ಇಷ್ಟು ಚೀಟಿಯಲ್ಲಿ ಬರಕೊಂಡು ಹೋಗಿ: ತೂತು ಒಂದೇನಾ, ಜೆನೆಟಿಕ್ ಟೆಸ್ಟ್ ಬೇಕಾ, ಹೆರಿಗೆ ಎಲ್ಲಿ. ಒಂದೇ ಸಣ್ಣ ತೂತು, ಬೇರೆ ಏನೂ ಇಲ್ಲ ಅಂದ್ರೆ ಸಾಮಾನ್ಯವಾಗಿ ಅದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗೂದಿಲ್ಲ.

ಡೊಂಬಿವಲಿ_ಮಲೆನಾಡು:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಲಿ ಗೊತ್ತಾಗ್ತಿಲ್ಲ. ನಿನ್ನೆ ರಾತ್ರಿ ಊಟ ಆದ್ಮೇಲೆ ಗೋಡೆ ಮೇಲಿಂದ ಕ್ಯಾಲೆಂಡರ್ ಇಳಿಸ್ಕೊಂಡು ಅತ್ತೆ ಪಕ್ಕ ಕೂತು ಪುಣೆಯವರು ಹೇಳಿದ ಹಾಗೇನೇ ಒಂದೊಂದು ವಾರ ಬೆರಳಿಟ್ಟು ತೋರಿಸ್ದೆ. ಏಕಾದಶಿಗೆ ಎದೆ ಬಡಿಯೋಕೆ ಶುರು ಅಂದಿದ್ದು ಅವರಿಗೆ ತುಂಬಾ ಹಿಡಿಸ್ತು, ಕೈ ಮುಗಿದ್ರು. ಆಗಸ್ಟ್ 10 ತೋರಿಸಿ ಆಮೇಲೆ ಸೆಪ್ಟೆಂಬರ್ 7 ತೋರಿಸಿದಾಗ ಬಹಳ ಹೊತ್ತು ಏನೂ ಅನ್ನಲಿಲ್ಲ.

ಆಮೇಲೆ ಹೇಳಿದ್ರು, ನಂಗೆ ಇವತ್ತಿನವರೆಗೂ ಗೊತ್ತಿರ್ಲಿಲ್ಲ, ನಮ್ಮೆಜಮಾನ್ರಿಗೂ ಗೊತ್ತಿರ್ಲಿಲ್ಲ. ಅವರ ಮೊದಲನೇ ಮಗು ಒಂದು ಹೆಣ್ಣು, 1980ರ ಜೂನ್‌ನಲ್ಲಿ ಗದಗದಲ್ಲಿ ಹುಟ್ಟಿದ್ದು. ಅತ್ರೆ ತುಟಿ, ಉಗುರು ನೀಲಿ ಆಗ್ತಿತ್ತಂತೆ, ನಾಲ್ಕು ತಿಂಗಳಿಗೆ ಹೋಯ್ತು. ಆ ವರ್ಷ ಫೆಬ್ರವರಿ 16ಕ್ಕೆ ಆ ಕಡೆ ಪೂರ್ತಿ ಸೂರ್ಯಗ್ರಹಣ ಆಗಿತ್ತಂತೆ, ಹಗಲಲ್ಲೇ ಕತ್ತಲೆ. ಇವರು ಹಿತ್ತಲಲ್ಲಿ ಒಣಗಿದ್ದ ಬಟ್ಟೆ ತರೋಕೆ ಹೊರಗೆ ಹೋಗಿದ್ರಂತೆ, ಐದು ನಿಮಿಷ. ಮಗು ಹೋದ್ಮೇಲೆ ಎಲ್ಲರೂ ಅದನ್ನೇ ಅಂದ್ರು. 45 ವರ್ಷ ಆಯ್ತು.

"ಹಂಗಾದ್ರ ನಂದೂ ಎಣಸಿ ನೋಡವಾ" ಅಂದ್ರು. ಇಬ್ಬರೂ ಕೂತು ಎಣಿಸಿದ್ವಿ. ಜೂನಲ್ಲಿ ತುಂಬಿ ಹುಟ್ಟಿದ್ದು ಅಂದ್ರೆ ಲೆಕ್ಕ ಹಿಂದಿನ ಸೆಪ್ಟೆಂಬರಿಂದ ಶುರು, ಗೋಡೆ ಎಲ್ಲ ಮುಗಿಯೋದು ನವೆಂಬರ್ ಒಳಗೆ. ಶಿವರಾತ್ರಿ ಅಮಾವಾಸ್ಯೆ ಹೊತ್ತಿಗೆ ಆರನೇ ತಿಂಗಳು. ಅತ್ತೆ ಬೆರಳು ಮಡಚಿ ಇನ್ನೊಂದ್ಸಲ ತಾವೇ ಎಣಿಸಿದ್ರು, ಕಾರ್ತಿಕ, ಮಾರ್ಗಶಿರ, ಪುಷ್ಯ, ಮಾಘ. "ಕಾರ್ತಿಕದಾಗ ಮುಗದಿತ್ತಲ್ಲ" ಅಂದ್ರು.

28ನೇ ವಾರದ ಎಕೋಗೆ ಅವರೂ ಬರ್ತೀನಿ ಅಂದಿದಾರೆ. ಮಡಗಾಂವ್‌ನವರು ಹೇಳಿದ ಪ್ರಶ್ನೆಗಳನ್ನ ಚೀಟಿಯಲ್ಲಿ ಬರೆದು ಅವರ ಪರ್ಸಲ್ಲೇ ಇಟ್ಕೊಂಡಿದಾರೆ. ರಿಪೋರ್ಟ್ ಬಂದ ದಿನ ಇಲ್ಲಿ ಹಾಕ್ತೀನಿ.