ಕತ್ತಿ ಕೆಂಪಾಗುವುದೇಕೆ? ಸಮಸ್ಯೆ ಕೊಟ್ಟು ಕಲಿಸುವುದೋ, ಉಪನ್ಯಾಸವೋ?

ಪ್ರಶ್ನೆ: ರಸಾಯನಶಾಸ್ತ್ರ ಅಧ್ಯಾಪಕ, ಶಿರಸಿ

ಬಿ.ಎಸ್ಸಿ. ಮೊದಲ ವರ್ಷದವರಿಗೆ ಲೋಹಗಳ ವಿದ್ಯುದ್ರಾಸಾಯನಿಕ ಶ್ರೇಣಿಯನ್ನು, ಅಂದರೆ ಯಾವ ಲೋಹ ಯಾವುದನ್ನು ದ್ರಾವಣದಿಂದ ಹೊರತಳ್ಳುತ್ತದೆ ಎಂದು ತಿಳಿಸುವ ಪಟ್ಟಿಯನ್ನು, ಇಷ್ಟು ವರ್ಷ ಉಪನ್ಯಾಸದಲ್ಲೇ ಮುಗಿಸುತ್ತಿದ್ದೆ. ಈ ಸಲ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವನ್ನೇ ಸಮಸ್ಯೆಯಾಗಿ ಕೊಟ್ಟೆ. ದ್ರಾವಣದಲ್ಲಿ ಅದ್ದಿದ ಕತ್ತಿಯ ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂದು ಮನೆಯ ಹಿರಿಯರು ಹೇಳುವುದೇಕೆ ಎಂಬುದು ಪ್ರಶ್ನೆ. ತೋಟದ ಮನೆಗಳ ಮಕ್ಕಳು ಉತ್ಸಾಹದಿಂದಲೇ ತೊಡಗಿದರು. ಆದರೆ ಎರಡು ತರಗತಿ ಕಳೆದರೂ ಅರ್ಧದಷ್ಟು ಗುಂಪುಗಳು ಆ ಕೆಂಪನ್ನು ತುಕ್ಕು ಎಂದೇ ವಾದಿಸುತ್ತಿದ್ದವು. ಕೊನೆಗೆ ಒಬ್ಬಳು, "ಸರ್, ನೀವೇ ಹೇಳಿಬಿಡಿ" ಎಂದಳು. ಪಠ್ಯ ಹಿಂದೆ ಬಿದ್ದಿದೆ. ಹಳೆಯ ಕ್ರಮಕ್ಕೇ ಮರಳಲೇ?

ಉತ್ತರ 1: ನಿವೃತ್ತ ಪ್ರಾಧ್ಯಾಪಕಿ, ಕಾರವಾರ

ಮರಳಬೇಡಿ, ಆದರೆ ಮಕ್ಕಳನ್ನು ಅವರ ಪಾಡಿಗೆ ಬಿಡಲೂ ಬೇಡಿ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ ಸಮಸ್ಯೆ ಕೊಟ್ಟು ಕಲಿಸುವ ಈ ಪದ್ಧತಿಯನ್ನು (ಸಮಸ್ಯಾಧಾರಿತ ಕಲಿಕೆ) ಆರಂಭಿಸಿದಾಗ ಪ್ರತಿ ಸಣ್ಣ ಗುಂಪಿನ ಜೊತೆಗೂ ಒಬ್ಬ ಮಾರ್ಗದರ್ಶಕ ಕೂರುತ್ತಿದ್ದರು. ಅರವತ್ತು ಮಕ್ಕಳ ನಡುವೆ ಒಬ್ಬರೇ ಓಡಾಡುವ ನಮಗೆ ಅದು ಯಥಾವತ್ತಾಗಿ ಒಗ್ಗುವುದಿಲ್ಲ. 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಅಮೆರಿಕದ ವಿಶ್ಲೇಷಣೆಯೊಂದರಲ್ಲಿ, ಬರೀ ಉಪನ್ಯಾಸ ಕೇಳಿದವರಲ್ಲಿ ಸುಮಾರು ಶೇ. 34ರಷ್ಟು ಮಂದಿ ಅನುತ್ತೀರ್ಣರಾದರೆ, ತರಗತಿಯಲ್ಲಿ ತಾವೇ ತೊಡಗಿ ಕಲಿತವರಲ್ಲಿ ಆ ಪ್ರಮಾಣ ಶೇ. 22ರಷ್ಟಿತ್ತು. ಅದು ಸಕ್ರಿಯ ಕಲಿಕೆಯ ಎಲ್ಲ ಬಗೆಗಳ ಲೆಕ್ಕವೇ ಹೊರತು ಸಮಸ್ಯಾಧಾರಿತ ಕಲಿಕೆಯೊಂದರದ್ದಲ್ಲ. ಭಾಷಣಗಳಲ್ಲಿ ಇದನ್ನು ಮರೆಯುವವರೇ ಹೆಚ್ಚು.

ನಿಮ್ಮಲ್ಲಿ ತಪ್ಪಿದ್ದು ಒಂದು ಮರುಪ್ರಶ್ನೆ: ಬರೀ ನೀರಿನಲ್ಲಿ ಅಷ್ಟೇ ಹೊತ್ತು ಅದ್ದಿದ ಕತ್ತಿ ಕೆಂಪಾಗುತ್ತದೆಯೇ? ಅಲ್ಲಿಗೆ ತುಕ್ಕಿನ ವಾದ ಬೀಳುತ್ತದೆ. ಆಮೇಲೆ ಹದಿನೈದು ನಿಮಿಷ ಉಪನ್ಯಾಸ ಕೊಡಿ. ಸುಣ್ಣ ಕಡಿಮೆಯಾದಾಗ ಮೈಲುತುತ್ತದ ತಾಮ್ರ ದ್ರಾವಣದಲ್ಲೇ ಉಳಿದು, ಕಬ್ಬಿಣ ಕರಗುತ್ತಿದ್ದಂತೆ ಅಲಗಿನ ಮೇಲೆ ಕೂರುತ್ತದೆ ಎಂಬ ಮಾತನ್ನು ಆಗ ಅವರು ಕಿವಿಗೊಟ್ಟು ಕೇಳುತ್ತಾರೆ.

ಉತ್ತರ 2: ಎಂ.ಎಸ್ಸಿ. ವಿದ್ಯಾರ್ಥಿನಿ, ಕುಮಟಾ

"ನೀವೇ ಹೇಳಿಬಿಡಿ" ಎಂದವರಲ್ಲಿ ನಾನೂ ಒಬ್ಬಳಾಗಿದ್ದೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ತಾವೇ ತೊಡಗಿ ಕಲಿತವರು ಕಡಿಮೆ ಕಲಿತೆವೆಂದುಕೊಂಡರೂ ಪರೀಕ್ಷೆಯಲ್ಲಿ ಅವರದೇ ಮೇಲುಗೈಯಾಗಿತ್ತು. ಆದರೆ ಸರ್, ಸೆಮಿಸ್ಟರ್ ಪರೀಕ್ಷೆಯಲ್ಲಿ ಶ್ರೇಣಿಯನ್ನು ಬರೆಯಿರಿ ಎಂದಷ್ಟೇ ಕೇಳಿದರೆ ಕತ್ತಿಯನ್ನು ಯಾರು ಅದ್ದಿ ನೋಡುತ್ತಾರೆ?

ಪ್ರಶ್ನೆ ಕೇಳಿದವರು:

ಮೇಡಂ ಹೇಳಿದಂತೆ ನಿನ್ನೆ ಎರಡು ಬೀಕರ್ ಇಟ್ಟೆ. ತುಕ್ಕಿನ ವಾದ ಐದೇ ನಿಮಿಷದಲ್ಲಿ ಮುಗಿಯಿತು. ಆದರೆ ಒಂದು ಗುಂಪು ಹಾಸ್ಟೆಲ್ಲಿನ ಸ್ಟೀಲ್ ಚಾಕು ತಂದಿತ್ತು, ಅದು ಕೆಂಪಾಗಲೇ ಇಲ್ಲ. ಸ್ಟೀಲಿನಲ್ಲಿರುವುದೂ ಕಬ್ಬಿಣವೇ ಅಲ್ಲವೇ ಎಂದು ಅವರು ಕೇಳಿದ್ದಾರೆ. ಸ್ಟೀಲಿನ ಮೇಲ್ಮೈಯನ್ನು ಕಾಯುವ ಕ್ರೋಮಿಯಂ ಆಕ್ಸೈಡ್ ಪೊರೆಯ ಮಾತನ್ನು ಸೋಮವಾರದವರೆಗೆ ಎತ್ತುವುದಿಲ್ಲವೆಂದುಕೊಂಡಿದ್ದೇನೆ.